ದಾದಾಸಾಹೇಬ ಫಾಲ್ಕೆಯವರು

ಪರದೇಶದ ವಿದ್ಯೆಯನ್ನು ಕಲಿಯುವುದು ಬೇರೆ, ಪರದೇಶಕ್ಕೆ ಮನಸ್ಸನ್ನೇ ಒತ್ತೆಯಿಡುವುದು ಬೇರೆ. ಈ ಅಂತರವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರಲ್ಲಿ ಧುಂಡಿರಾಜ ಗೋವಿಂದ ಫಾಲ್ಕೆಯವರು ಅಗ್ರಗಣ್ಯರು. ಚಲಚ್ಚಿತ್ರಗಳನ್ನು ನೋಡುವ ಅಸಂಖ್ಯ ಜನರು ಅವರ ಹೆಸರನ್ನು ಒಂದು ಪ್ರಶಸ್ತಿಯ ಹೆಸರೆಂದಷ್ಟೇ ಬಲ್ಲರು. ಆದುದರಿಂದ ಅವರ ಚರಿತ್ರವನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ.

1870ನೆಯ ಇಸವಿ ಏಪ್ರಿಲ್ 30ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ, ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಜನಿಸಿದ ಇವರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಬಡೋದೆಯ ಕಲಾಭವನದಲ್ಲಿಯೂ ಚಿತ್ರಲೇಖನ, ಛಾಯಾಗ್ರಹಣಾದಿ ವಿದ್ಯೆಗಳನ್ನು ಸಂಪಾದಿಸಿದರು. ಗೋಧ್ರಾದಲ್ಲಿ ಛಾಯಾಗ್ರಾಹಕರಾಗಿದ್ದಾಗ ಪ್ಲೇಗುಮಾರಿಯು ಅವರ ಪತ್ನಿಯನ್ನೂ ಶಿಶುವನ್ನೂ ಬಲಿತೆಗೆದುಕೊಂಡಿತು. ಬಳಿಕ ಪ್ರಾಚ್ಯವಸ್ತು ಇಲಾಖೆಯಲ್ಲಿ ದೊರೆತ ಸರಕಾರಿ ನೌಕರಿಯನ್ನು ಸ್ವದೇಶೀ ಚಳವಳಿಯ ಕಾಲದಲ್ಲಿ ತ್ಯಜಿಸಿ, ಮುದ್ರಣಾಲಯವನ್ನು ಹೂಡಿದರು. 1909ರಲ್ಲಿ ಜರ್ಮನಿಗೆ ಹೋಗಿ ವರ್ಣಮುದ್ರಣದ ಯಂತ್ರಗಳನ್ನು ತಂದರು. ಪಾಲುದಾರರೊಡನೆ ಮನಸ್ತಾಪವುಂಟಾಗಿ ಅದೂ ಕೈಬಿಟ್ಟಿತು. ಅಚ್ಚುಕೂಟದ ಕಷ್ಟನಷ್ಟಗಳನ್ನುಂಡ ನಮಗೆ ಆ ದುಃಖವು ಅಪರಿಚಿತವಲ್ಲ.

ಸುಮಾರು ನಲವತ್ತರ ಪ್ರಾಯದಲ್ಲಿ ಅವರು ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಕ್ರಿಸ್ತನ ಜೀವನಚಿತ್ರವನ್ನು ಕಂಡರು. ಪರದೆಯ ಮೇಲೆ ಕ್ರಿಸ್ತನು ನಡೆದಾಡುತ್ತಿರಲು ಅವರ ಮನಶ್ಚಕ್ಷುವಿಗೆ ಶ್ರೀರಾಮನೂ ಶ್ರೀಕೃಷ್ಣನೂ ಗೋಚರಿಸಿದರು. ಅಂದಿನಿಂದ ಹಗಲಿರುಳೆನ್ನದೆ ಈ ವಿದ್ಯೆಯ ವ್ಯಾಸಂಗದಲ್ಲಿ ಮುಳುಗಿ, ಕೆಲಕಾಲ ದೃಷ್ಟಿಯನ್ನೇ ಕಳೆದುಕೊಂಡರು. ಚಿಕಿತ್ಸೆಯಿಂದ ಕಣ್ಣು ಮರಳಿ ಬಂದೊಡನೆ ಜೀವವಿಮೆಯ ಪತ್ರಗಳನ್ನು ಅಡವಿಟ್ಟು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿ ಚಿತ್ರನಿರ್ಮಾಪಕ ಸೆಸಿಲ್ ಹೆಪ್ವರ್ತರು ತಮ್ಮ ಶಾಲೆಯನ್ನು ತೆರೆದು ಎಲ್ಲ ಕ್ರಮವನ್ನೂ ತೋರಿಸಿದರು. ಯಂತ್ರಗಳನ್ನು ಕೊಂಡು ಫಾಲ್ಕೆಯವರು ಏಪ್ರಿಲಿನಲ್ಲಿ ಹಿಂದಿರುಗಿದರು.

ಹಣ ಕೊಡುವವರಿಗೆ ನಂಬಿಕೆ ಹುಟ್ಟಬೇಕಲ್ಲವೆ? ಬಟಾಣಿಯ ಗಿಡವೊಂದು ಬೆಳೆಯುವುದನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಚಿತ್ರಿಸಿ, ಕ್ಷಣಮಾತ್ರದಲ್ಲಿ ಮೊಳೆತು ಬಳ್ಳಿಯಾಗುವಂತೆ ತೋರಿಸಿದರು. ಸಾಲ ದೊರೆಯಿತು. ದ್ವಿತೀಯ ಪತ್ನಿ ಸರಸ್ವತೀಬಾಯಿಯವರು ಫಿಲ್ಮಿನ ಅಂಚಿಗೆ ರಂಧ್ರ ಹಾಕುವುದನ್ನು ಕಲಿತರು. ಚಿತ್ರದ ಪರಿವಾರಕ್ಕೆಲ್ಲ ಅಡಿಗೆಯನ್ನೂ ಮಾಡಿ ಬಡಿಸಿದರು. ನಟಿಸಲು ಯಾವ ಸ್ತ್ರೀಯೂ ಒಪ್ಪದಿರಲು, ಉಪಾಹಾರಗೃಹದಲ್ಲಿ ಕೆಲಸಮಾಡುತ್ತಿದ್ದ ಸಾಳುಂಕೆಯೆಂಬ ತರುಣನೇ ತಾರಾಮತಿಯಾದನು. ಹೀಗೆ ಸಿದ್ಧವಾದ 'ರಾಜಾ ಹರಿಶ್ಚಂದ್ರ'ವು 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಮಂದಿರದಲ್ಲಿ ಪ್ರದರ್ಶಿತವಾಯಿತು. ಯಂತ್ರವು ಪರದೇಶದ್ದು, ಕಥೆಯೂ ಕೈಯೂ ಕಣ್ಣೂ ಈ ನೆಲದವು. 1917ರ 'ಲಂಕಾದಹನ'ವು ಅವರ ಕೀರ್ತಿಯನ್ನು ಇಮ್ಮಡಿಸಿತು.

ಅವರಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಪಾಲುದಾರರೊಡನೆ ಹೊಂದಿಕೊಂಡು ನಡೆಯುವುದು ಅವರಿಗೆ ಸಾಧ್ಯವಾಗಲಿಲ್ಲ. ವಾಕ್ಚಿತ್ರಗಳು ಬಂದ ಮೇಲೆ ಕಾಲವು ಅವರನ್ನು ಹಿಂದಿಕ್ಕಿತು. 1937ರ 'ಗಂಗಾವತರಣ'ವೇ ಅವರ ಕಡೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ, ತಾವೇ ನೆಟ್ಟ ವೃಕ್ಷದ ಫಲವನ್ನು ಅನ್ಯರು ಉಣ್ಣುತ್ತಿರಲು, ಅವರು ದಿವಂಗತರಾದರು.

1969ರಲ್ಲಿ ಸರಕಾರವು ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ಕನ್ನಡಿಗರಲ್ಲಿ ರಾಜಕುಮಾರರೂ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರೂ ಅದನ್ನು ಪಡೆದರು. ಸಂತೋಷವೇ ಸರಿ. ಆದರೆ ಫಾಲ್ಕೆಯವರ ಚಿತ್ರಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಬದುಕಿದ್ದವನನ್ನು ಮರೆತು, ಅವನ ಕೃತಿಯನ್ನು ಹಾಳುಗೆಡವಿ, ಹೆಸರಿಗೆ ಮಾತ್ರ ಹಾರ ಹಾಕುವುದು ಕೃತಜ್ಞತೆಯ ಲಕ್ಷಣವಲ್ಲ. ಇಂದು ನಮ್ಮ ನಡುವೆಯೇ ದುಡಿಯುತ್ತಿರುವ ಕಲಾವಿದರನ್ನಾದರೂ ದೇಶವು ಸಕಾಲದಲ್ಲಿ ಗುರುತಿಸಲಿ.