ಬಿಚ್ಚದ ಸೂಟ್‌ಕೇಸ್: ವಿಲಿಯಂ ಕೇರಿ ಮತ್ತು ಡೊರೊತಿ

ಸತ್ಯವೇದ ತೆರೆದು ಯೆರೆಮೀಯ 29ನೇ ಅಧ್ಯಾಯಕ್ಕೆ ಬನ್ನಿ. ಇದರ 11ನೇ ವಚನ ನಮ್ಮೆಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇರುತ್ತೆ, ಅಲ್ವಾ? ಆದರೆ ಅದು ಪರದೇಶದಲ್ಲಿ ಕೂತವರಿಗೆ ಬರೆದ ಪತ್ರ. ಬೇಗ ವಾಪಸ್ ಹೋಗ್ತೀವಿ ಅಂತ ಕಾಯ್ತಿದ್ದ ಜನರಿಗೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಅಂತ ದೇವರು ಪ್ರವಾದಿಯ ಮೂಲಕ ತಿಳಿಸಿದರು.

ನಮ್ಮ ಸಭೆಯಿಂದ ಕೆನಡಾಗೆ, ಜರ್ಮನಿಗೆ ಹೋಗುವವರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೇವೆ. ವೀಸಾ ಬಂದಾಗ ಸಾಕ್ಷಿ ಹೇಳ್ತೀರಿ, ಸ್ತೋತ್ರ. ಆದರೆ ಅಲ್ಲಿ ಇಳಿದ ಮೇಲೆ ಮೊದಲ ಆರು ತಿಂಗಳು ಯಾರದೋ ಮನೆಯ ಒಂದು ರೂಮಿನಲ್ಲಿ ಏನಾಗುತ್ತೆ ಅಂತ ಯಾರೂ ಸಾಕ್ಷಿ ಹೇಳಲ್ಲ. ಇವತ್ತು ಅದನ್ನು ಒಬ್ಬ ಮಿಷನರಿಯ ಜೀವನದಿಂದ ನೋಡೋಣ.

ವಿಲಿಯಂ ಕೇರಿ 1761ರಲ್ಲಿ ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಚಪ್ಪಲಿ ಹೊಲಿಯುವ ಕೆಲಸ ಕಲಿತವರು. ಕೆಲಸ ಮಾಡ್ತಾನೇ ಭಾಷೆಗಳನ್ನು ಕಲಿತರು, ಬೋಧಕರಾದರು. ಭಾರತಕ್ಕೆ ಹೋಗಬೇಕು ಅಂತ ಕರೆ ಬಂತು. ಆದರೆ ಹೆಂಡತಿ ಡೊರೊತಿಗೆ ಆ ಕರೆ ಬಂದಿರಲಿಲ್ಲ. ಅವರು ಆಗಲೇ ಎರಡು ಹೆಣ್ಣು ಮಕ್ಕಳನ್ನು ಮಣ್ಣು ಮಾಡಿದ್ದ ತಾಯಿ. ಹೊಟ್ಟೆಯಲ್ಲಿ ಮತ್ತೊಂದು ಕೂಸು. ಬರಲ್ಲ ಅಂದರು. ಹಡಗಿನ ಪ್ರಯಾಣ ತಡವಾಗಿದ್ದರಿಂದ ಕೇರಿ ಮತ್ತೆ ಬಂದು ಕೇಳಿದಾಗ, ತಂಗಿ ಕಿಟ್ಟಿ ಜೊತೆಗೆ ಬರೋದಾದರೆ ಮಾತ್ರ ಅಂತ ಒಪ್ಪಿದರು. 1793ರ ಜೂನ್‌ನಲ್ಲಿ ನಾಲ್ಕು ಗಂಡು ಮಕ್ಕಳೊಂದಿಗೆ ಹೊರಟರು. ಐದು ತಿಂಗಳು ಸಮುದ್ರ.

ನವೆಂಬರ್‌ನಲ್ಲಿ ಕಲ್ಕತ್ತಾ ಮುಟ್ಟಿದರು. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲ. ಇವತ್ತಿನ ಭಾಷೆಯಲ್ಲಿ, ವೀಸಾ ಇಲ್ಲ. ಮಾರಾಟಕ್ಕೆ ತಂದ ಸಾಮಾನಿನ ದುಡ್ಡು ಬೇಗ ಕರಗಿತು. ಕಲ್ಕತ್ತಾ ದುಬಾರಿ ಅಂತ ಬಂಡೇಲ್‌ಗೆ ಹೋದರು. ಅಲ್ಲೂ ಆಗಲಿಲ್ಲ, ವಾಪಸ್ ಬಂದರು. ಕೊನೆಗೆ ಮಾಣಿಕತಲಾದಲ್ಲಿ ಒಬ್ಬ ಬಂಗಾಳಿ ಲೇವಾದೇವಿಗಾರ ತನ್ನ ಪುಟ್ಟ ಮನೆಯನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟ. ಗಮನಿಸಿ, ಸುವಾರ್ತೆ ಸಾರಲು ಬಂದವರಿಗೆ ಸೂರು ಕೊಟ್ಟವನು ವಿಶ್ವಾಸಿ ಅಲ್ಲ. ಆ ಮನೆಯಲ್ಲಿ ಡೊರೊತಿ ಮತ್ತು ದೊಡ್ಡ ಮಕ್ಕಳು ರಕ್ತಭೇದಿಯಿಂದ ಮಲಗಿದ್ದರು.

1794ರ ಆರಂಭದಲ್ಲಿ ಸುಂದರಬನದ ಕಡೆ ದೋಣಿ ಹತ್ತಿದರು. ಅಲ್ಲಿ ಕಾಡು ಕಡಿದು ಬೇಸಾಯ ಮಾಡುವ ಯೋಚನೆ. ಊಟದ ಸಾಮಾನು ಮುಗಿಯುತ್ತಾ ಬಂದಿತ್ತು, ಸುತ್ತ ಹುಲಿಗಳ ಭಯ. ದೇಬಹಟ್ಟದಲ್ಲಿ ಕಂಪನಿಯ ಉಪ್ಪಿನ ಅಧಿಕಾರಿ ಚಾರ್ಲ್ಸ್ ಶಾರ್ಟ್ ಎಂಬಾತ ಇವರನ್ನೆಲ್ಲಾ ತನ್ನ ಬಂಗಲೆಗೆ ಸೇರಿಸಿಕೊಂಡ. ಅವನಿಗೂ ನಂಬಿಕೆ ಇರಲಿಲ್ಲ, ಆದರೆ ಮನಸ್ಸು ದೊಡ್ಡದು. ಕೆಲವೇ ತಿಂಗಳಲ್ಲಿ ಮತ್ತೆ ಪಯಣ. ಮುದ್ನಾಬಾಟಿಯ ನೀಲಿ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ, ತಿಂಗಳಿಗೆ 200 ರೂಪಾಯಿ ಸಂಬಳ. ಕಿಟ್ಟಿ ಹಿಂದೆ ಉಳಿದು ಶಾರ್ಟ್‌ನನ್ನೇ ಮದುವೆಯಾದಳು. ಯಾರ ಆಸರೆ ನಂಬಿ ಡೊರೊತಿ ಹಡಗು ಹತ್ತಿದ್ದರೋ ಆ ತಂಗಿಯೂ ಪಕ್ಕದಲ್ಲಿಲ್ಲ.

ಅದೇ ವರ್ಷ ಐದು ವರ್ಷದ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಜಾತಿ ಹೋಗುತ್ತೆ ಅನ್ನೋ ಭಯಕ್ಕೆ ಸಮಾಧಿ ತೋಡಲು ಜನ ಸಿಗೋದೇ ಕಷ್ಟವಾಯಿತು. ಆಮೇಲೆ ಡೊರೊತಿಯ ಮನಸ್ಸು ಒಡೆಯಿತು. ಗಂಡನ ಮೇಲೆ ಇಲ್ಲದ ಅನುಮಾನ, ಕೂಗಾಟ. 1807ರಲ್ಲಿ ಸಾಯುವ ತನಕ ಅದು ವಾಸಿಯಾಗಲಿಲ್ಲ.

ಬೈಬಲ್ ಕಾಲೇಜಿನಲ್ಲಿ ನಾನು ಕೇರಿಯ ಬಗ್ಗೆ ಪುಟಗಟ್ಟಲೆ ಬರೆದೆ. ಡೊರೊತಿ ಬಗ್ಗೆ ಎರಡು ಸಾಲು. ಸೇವೆಗೆ ಅಡ್ಡಿಯಾದ ಹೆಂಡತಿ ಅಂತ. ಕರ್ತನು ನನ್ನನ್ನು ಕ್ಷಮಿಸಲಿ. ನನಗೆ ಮದುವೆಯಾದ ಮೇಲೆ ಅದೇ ಜೀವನಚರಿತ್ರೆ ಓದಿದಾಗ ಬೇರೆಯಾಗಿ ಕಾಣಿಸಿತು. ಕೇರಿಗೆ ಆ ಮನೆಗಳಲ್ಲಿ ಮುನ್ಷಿ ರಾಮರಾಮ ಬಸು ಇದ್ದರು, ಕಲಿಯಲು ಬಂಗಾಳಿ ಇತ್ತು, ಗಿಡಗಳಿದ್ದವು, ಭಾಷಾಂತರ ಇತ್ತು. ಯೆರೆಮೀಯ ಹೇಳಿದ ಹಾಗೆ ಅವರು ತೋಟ ಮಾಡಿದರು. ಡೊರೊತಿಗೆ ಏನಿತ್ತು? ಕಾಯಿಲೆ, ಕೂಸು, ನಾಲ್ಕು ಗೋಡೆ. ಒಂದೇ ಮನೆಯಲ್ಲಿ ಒಬ್ಬರು ಬೇರು ಬಿಟ್ಟರು, ಇನ್ನೊಬ್ಬರು ಒಣಗಿದರು.

1800ರ ಜನವರಿಯಲ್ಲಿ ಅವರು ಡೇನಿಷ್ ಜನರ ಕೈಯಲ್ಲಿದ್ದ ಶ್ರೀರಾಂಪುರಕ್ಕೆ ಬಂದರು. ಅಲ್ಲಿ ಮಾರ್ಷ್‌ಮನ್, ವಾರ್ಡ್ ಜೊತೆ ಒಂದೇ ಮನೆ, ಒಂದೇ ಊಟದ ಮೇಜು. ತಾಯಿಯ ಆರೈಕೆ ಇಲ್ಲದೆ ಬೆಳೆಯುತ್ತಿದ್ದ ಹುಡುಗರನ್ನು ಹನ್ನಾ ಮಾರ್ಷ್‌ಮನ್ ನೋಡಿಕೊಂಡರು. ಆ ವರ್ಷ ಡಿಸೆಂಬರ್ 28ರಂದು ಕೃಷ್ಣ ಪಾಲ್‌ಗೆ ನದಿಯಲ್ಲಿ ದೀಕ್ಷಾಸ್ನಾನವಾಯಿತು, ಏಳು ವರ್ಷದ ಮೊದಲ ಫಲ. ಆ ದಿನವೂ ಡೊರೊತಿ ಕೋಣೆಯೊಳಗೇ ಇದ್ದರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. 1817ರಲ್ಲಿ ಅದೇ ಊರಿನಿಂದ ನಮ್ಮ ಕನ್ನಡದ ವ್ಯಾಕರಣವನ್ನೂ ಕೇರಿ ಹೊರತಂದರು. ಇಂಗ್ಲೆಂಡಿಗೆ ಒಮ್ಮೆಯೂ ವಾಪಸ್ ಹೋಗದೆ 1834ರಲ್ಲಿ ಶ್ರೀರಾಂಪುರದಲ್ಲೇ ಕಣ್ಣು ಮುಚ್ಚಿದರು.

ಹೆಂಡತಿಯನ್ನು ಅವರು ಎಲ್ಲೋ ಬಿಟ್ಟುಬಿಡಲಿಲ್ಲ, ಕೊನೆ ತನಕ ಮನೆಯಲ್ಲೇ ಇಟ್ಟುಕೊಂಡರು. ಅದನ್ನೂ ಹೇಳಲೇಬೇಕು. ಆದರೆ ಅವರು ಉಸಿರಾಡಿದ್ದು ಶ್ರೀರಾಂಪುರದಲ್ಲಿ, ಸಹೋದರರ ಜೊತೆ ಒಂದೇ ಸೂರಿನಡಿ ಬಂದಾಗ. ಡೊರೊತಿಯ ಪಾಲಿಗೆ ಆ ಸಹವಾಸ ತುಂಬಾ ತಡವಾಗಿ ಸಿಕ್ಕಿತು.

ಹೊರಡುವ ತಮ್ಮಂದಿರೇ, ತಂಗಿಯರೇ, ಮೊದಲ ವಾರವೇ ಸೂಟ್‌ಕೇಸ್ ಬಿಚ್ಚಿ. ಪರ್ಮನೆಂಟ್ ಮನೆ ಸಿಗಲಿ ಆಮೇಲೆ ಸಭೆ ಹುಡುಕ್ತೀನಿ ಅನ್ನಬೇಡಿ, ಮೊದಲ ಭಾನುವಾರವೇ ಹೋಗಿ. ಸಹಾಯಕ್ಕೆ ಬರುವವನು ವಿಶ್ವಾಸಿಯೇ ಆಗಿರಬೇಕು ಅಂತ ಕಾಯಬೇಡಿ. ಮದುವೆಯಾದವರೇ, ಆಫೀಸಿಂದ ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಇವತ್ತು ಯಾರ ಜೊತೆ ಮಾತಾಡಿದೆ ಅಂತ ಕೇಳಿ. ಯಾರ ಜೊತೆಗೂ ಇಲ್ಲ ಅನ್ನೋ ಉತ್ತರ ದಿನಾ ಬರ್ತಿದ್ದರೆ ಅದನ್ನು ಹಗುರವಾಗಿ ತಗೋಬೇಡಿ. ಪ್ರಾರ್ಥಿಸಿ, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಅದು ಅವಿಶ್ವಾಸ ಅಲ್ಲ.

ಇಲ್ಲಿ ಉಳಿಯುವ ನಮಗೂ ಕೆಲಸ ಇದೆ. ಕಳಿಸಿಕೊಟ್ಟ ಮೇಲೆ ಫೋನ್ ಮಾಡಿ. ನಮ್ಮದೇ ಬೀದಿಯ ಪಿಜಿಯಲ್ಲಿ ಬೇರೆ ರಾಜ್ಯದಿಂದ ಬಂದ ಯಾರೋ ಇದ್ದಾರೆ, ಭಾನುವಾರ ಊಟಕ್ಕೆ ಕರೆಯಿರಿ.

ಎದ್ದು ನಿಲ್ಲೋಣ. ಈ ವಾರ ಪರದೇಶದಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿರುವವರನ್ನು ಹೆಸರು ಹಿಡಿದು ಕರ್ತನ ಮುಂದೆ ತರೋಣ. ಆಮೆನ್.