ಕಬ್ಬಿಣದ ನೇಗಿಲು ತಂದ ಲಕ್ಷ್ಮಣರಾವ್

ಇಂದು ಜಮಖಂಡಿ, ಮುಧೋಳದ ಹೊಲಗಳಲ್ಲಿ ಲೋಡರ್ ಟ್ರ್ಯಾಕ್ಟರ್ ತಿಪ್ಪೆಗೊಬ್ಬರ ತುಂಬುತ್ತದೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದ ಕಾಲವೊಂದಿತ್ತು. ಆ ಅಂಜಿಕೆಯನ್ನು ಎದುರಿಸಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರೆ ಬಣ್ಣಗುರುಡು ಅಡ್ಡ ಬಂತು. ಅಲ್ಲೇ ಯಂತ್ರಗಳ ನಕ್ಷೆ ಕಲಿಸಿದರು. ಮುಂದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು. ಮೊದಲ ನೇಗಿಲು ಮಾರಲು 2 ವರ್ಷ ಹಿಡಿಯಿತು! ಬೆಳಗಾವಿಯ ಜಾಗವನ್ನೂ ಬಿಡಬೇಕಾಯಿತು. ಔಂಧದ ಅರಸರು ಕೊಟ್ಟ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1956ರಲ್ಲಿ ಅವರು ತೀರಿಕೊಂಡರು.

ನೇಗಿಲಿನ ಕುಳದಂತೆಯೇ ಲೋಡರ್ ಬಕೆಟ್ಟಿನ ಅಂಚೂ ಸವೆಯುತ್ತದೆ, ಸಕಾಲಕ್ಕೆ ಬದಲಿಸಿರಿ. ಪಿನ್ನುಗಳಿಗೆ ಗ್ರೀಸ್ ತಪ್ಪಿಸಬೇಡಿರಿ. ಭಾರ ಹೊತ್ತು ಸಾಗುವಾಗ ಬಕೆಟ್ ನೆಲಕ್ಕೆ ಸಮೀಪವಿರಲಿ.