ಬೇಡರ ನಾಯಿಗೆ ಊರ ಹೆಸರು ಕೊಟ್ಟ ಮುಧೋಳದ ಮಾಲೋಜಿರಾವ್

ಮುಧೋಳ ಎಂದೊಡನೆ ಸಾಹಿತ್ಯಾಸಕ್ತರಿಗೆ ಕವಿಚಕ್ರವರ್ತಿ ರನ್ನ ನೆನಪಾಗುತ್ತಾನೆ, ಉಳಿದವರಿಗೆ ನಾಯಿ. ಬಾಗಲಕೋಟೆ ಜಿಲ್ಲೆಯ ಈ ಪಟ್ಟಣದ ಹೆಸರಿನಲ್ಲಿ ಬೇಟೆನಾಯಿಯೊಂದನ್ನು ಹೊರಜಗತ್ತಿಗೆ ಪರಿಚಯಿಸಿದ ಶ್ರೇಯಸ್ಸು ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆ ಅವರದು. ಆದರೆ ಆ ಶ್ರೇಯಸ್ಸಿನಲ್ಲಿ ಪಾಲು ಕೇಳಬೇಕಾದ ಮತ್ತೊಂದು ಸಮುದಾಯವಿದೆ.

ಘೋರ್ಪಡೆ ಮನೆತನ ಬಹಮನಿ ಹಾಗೂ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಸೇವೆಯಿಂದ ಮೇಲೆ ಬಂದದ್ದು. ಉಡವನ್ನು ಬಳಸಿ ಕೋಟೆಯ ಗೋಡೆ ಏರಿದ ಪೂರ್ವಜನಿಂದ ಈ ಅಡ್ಡಹೆಸರು ಬಂತೆಂಬುದು ಐತಿಹ್ಯ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಪ್ರಾಣಿಯಿಂದ ಹೆಸರು ಪಡೆದ ಮನೆತನವೇ ಮತ್ತೊಂದು ಪ್ರಾಣಿಗೆ ಹೆಸರು ಕೊಟ್ಟದ್ದು ಸ್ವಾರಸ್ಯಕರ.

1884ರಲ್ಲಿ ಜನಿಸಿದ ಮಾಲೋಜಿರಾವ್ 1900ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಗಾದಿಗೆ ಬಂದರು. ಘಟಪ್ರಭಾ ತೀರದ ಅವರ ಪುಟ್ಟ ಸಂಸ್ಥಾನ ಬ್ರಿಟಿಷರ ಅಧೀನದಲ್ಲಿತ್ತು. ಇದೇ ಸಂಸ್ಥಾನದ ಹಲಗಲಿಯಲ್ಲಿ 1857ರಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆ ಎದ್ದಿದ್ದರು. ಬ್ರಿಟಿಷ್ ಸೇನೆ ಊರಿಗೆ ಬೆಂಕಿಯಿಟ್ಟು, 19 ಮಂದಿಯನ್ನು ಗಲ್ಲಿಗೇರಿಸಿತು. ಬೇಟೆಯೇ ಬದುಕಾಗಿದ್ದ ಆ ಜನರ ಜೊತೆಗಾರ ತೆಳುಮೈಯ, ನೀಳಕಾಲಿನ ನಾಯಿ. ಮಾಲೋಜಿರಾವ್ ಅವರ ಕಣ್ಣಿಗೆ ಬಿದ್ದದ್ದು ಬೇಡರ ಬಳಿಯಿದ್ದ ಈ ನಾಯಿಗಳೇ.

ಅರಸರು ಅವುಗಳಲ್ಲಿ ಉತ್ತಮವಾದುವನ್ನು ಆರಿಸಿ ತಳಿ ಬೆಳೆಸಿದರು. 1910ರಿಂದ 1936ರವರೆಗೆ ಇಂಗ್ಲೆಂಡಿನ ದೊರೆಯಾಗಿದ್ದ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ನೀಡಿದರೆಂದೂ, ಅಂದಿನಿಂದ ಮುಧೋಳ ಹೌಂಡ್ ಎಂಬ ಹೆಸರು ನಿಂತಿತೆಂದೂ ಈ ಭಾಗದಲ್ಲಿ ಪ್ರತೀತಿ. ಬೇಡರನ್ನು ನಿರಾಯುಧರನ್ನಾಗಿಸಿದ ಸಾಮ್ರಾಜ್ಯದ ಅರಮನೆಗೇ ಬೇಡರ ನಾಯಿ ಹೋಯಿತು. ಹೆಸರು ಮಾತ್ರ ಸಂಸ್ಥಾನದ್ದಾಯಿತು. ದಖನ್ನಿನ ಇತರೆಡೆ ಇದೇ ನಾಯಿ ಇಂದಿಗೂ ಕಾರವಾನಿ ಎಂದೇ ಪರಿಚಿತ. ಮಧ್ಯ ಏಷ್ಯಾ ಮತ್ತು ಅರಬ್ ನಾಡುಗಳಿಂದ ವರ್ತಕರ, ಸೈನಿಕರ ತಂಡಗಳೊಡನೆ ಬಂದ ಸಲೂಕಿ ಜಾತಿಯ ನಾಯಿಗಳೇ ಇದರ ಪೂರ್ವಜರೆಂದು ತಜ್ಞರು ಭಾವಿಸುತ್ತಾರೆ.

ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ಉದ್ದನೆಯ ಕಿರಿದಾದ ತಲೆ, ಜೋಲುಕಿವಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನುಣುಪಾದ ಗಿಡ್ಡ ಕೂದಲು ಇದರ ಲಕ್ಷಣಗಳು. ಗಂಡು ನಾಯಿ ಸುಮಾರು 70 ಸೆಂ.ಮೀ. ಎತ್ತರ ಬೆಳೆಯುತ್ತದೆ. ಬಯಲಿನಲ್ಲಿ ಮೊಲ ಎದ್ದೋಡಿದರೆ ಬೆನ್ನಟ್ಟಿ ಹಿಡಿಯುವುದು ಇದರ ಹುಟ್ಟುಗುಣ. ಅಪರಿಚಿತರು ಮೈಮುಟ್ಟುವುದನ್ನು ಸಹಿಸದು, ಮನೆಯವರಿಗೆ ಮಾತ್ರ ನಿಷ್ಠೆ.

ಇಂಥ ಪ್ರಾಣಿಯನ್ನು ಮಹಾನಗರದ ಫ್ಲ್ಯಾಟ್‌ನಲ್ಲಿ ಕಟ್ಟಿಹಾಕುವುದು ಕ್ರೌರ್ಯವಲ್ಲದೆ ಬೇರೇನಲ್ಲ. ಇದಕ್ಕೆ ದಿನವೂ ಓಡಲು ಸುತ್ತುಗೋಡೆಯುಳ್ಳ ವಿಶಾಲ ಜಾಗ ಬೇಕು. ರಸ್ತೆಯಲ್ಲಿ ಹಗ್ಗ ಬಿಟ್ಟರೆ ಬೆಕ್ಕಿನ ಹಿಂದೆ ಹೋದದ್ದು ಕೂಗಿದರೂ ತಿರುಗದು. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಚಳಿಗಾಲದಲ್ಲಿ ಬೆಚ್ಚನೆಯ, ಮೆತ್ತನೆಯ ಹಾಸು ಅಗತ್ಯ. ಪಕ್ಕೆಲುಬು ಕಾಣುತ್ತದೆಂದು ಅತಿಯಾಗಿ ತಿನ್ನಿಸುವುದೂ, ಓಡಿ ಬಂದ ಕೂಡಲೇ ಹೊಟ್ಟೆ ತುಂಬ ಉಣಿಸುವುದೂ ಸಲ್ಲದು. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಅರಿವಳಿಕೆಯ ಬಗ್ಗೆ ಪಶುವೈದ್ಯರೊಡನೆ ಮುಂಚಿತವಾಗಿ ಚರ್ಚಿಸಬೇಕು. ಕೃಶದೇಹದ ಓಟದ ನಾಯಿಗಳಿಗೆ ಕೆಲವು ಔಷಧಗಳು ಒಗ್ಗುವುದಿಲ್ಲ.

ಮಾಲೋಜಿರಾವ್ ಅವರ ಆಳ್ವಿಕೆ 1937ರಲ್ಲಿ ಕೊನೆಗೊಂಡಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯೂ ಅಪರಾಧವಾಯಿತು. ಅರಮನೆಯ ಆಸರೆ, ಕಾಡಿನ ಕೆಲಸ ಎರಡೂ ತಪ್ಪಿದ ಮೇಲೆ ತಳಿ ಅಳಿಯಬೇಕಿತ್ತು. ಅದು ಉಳಿದದ್ದು ಹೊಲ, ಮನೆ ಕಾಯಲು ಸಾಕಿಕೊಂಡ ಹಳ್ಳಿಗರಿಂದ.

ಅಂಚೆ ಇಲಾಖೆ 2005ರಲ್ಲಿ ಈ ನಾಯಿಯ ಅಂಚೆಚೀಟಿ ಹೊರತಂದಿತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2016ರಲ್ಲಿ ಇಲ್ಲಿನ ಮರಿಗಳನ್ನು ಸೇನೆ ಮೀರತ್‌ಗೆ ತರಬೇತಿಗಾಗಿ ಒಯ್ದಿತು. ಮರಿಗಳ ಮಾರಾಟ ಇಂದು ಮುಧೋಳ ಸುತ್ತಲಿನ ಅನೇಕ ಕುಟುಂಬಗಳಿಗೆ ಆದಾಯದ ದಾರಿ. ಆ ಮರಿಗಳಲ್ಲಿ ಎಷ್ಟೋ ಈಗ ಬೆಂಗಳೂರಿನ ಬಸ್ಸು ಹತ್ತುತ್ತಿವೆ.